ಭದ್ರಾವತಿಯ ಸೋದರಳಿಯನಿಗೆ ಒಂದು ಕಾಗದ

ಶಿವಮೊಗ್ಗ

ಚಿ. ಸುಮಂತನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಕ್ಕನ ಮಂಡಿನೋವು ಕಡಿಮೆಯಾಗಿದೆ ಎಂದು ಕೇಳಿ ಸಮಾಧಾನವಾಯಿತು. ನೀನು ವಾಟ್ಸಾಪಿನಲ್ಲಿ ಹಾಕಿದ್ದ ಉದ್ದದ ಬರಹವನ್ನು ಪೂರ್ತಿ ಓದಿದೆ. ವಿಮಾನ ನಿಲ್ದಾಣ ಶಿವಮೊಗ್ಗಕ್ಕೆ, ಮೆಡಿಕಲ್ ಕಾಲೇಜು ಶಿವಮೊಗ್ಗಕ್ಕೆ, ಸ್ಮಾರ್ಟ್ ಸಿಟಿ ದುಡ್ಡು ಶಿವಮೊಗ್ಗಕ್ಕೆ, ಭದ್ರಾವತಿಗೆ ಮಾತ್ರ ಬೀಗ ಜಡಿದ ಗೇಟು ಎಂದಿದ್ದೀಯ. ಅದರ ಕೆಳಗೇ ನಮ್ಮೂರಿನ ಹುಡುಗನೊಬ್ಬ, ಬರಬೇಕಾದದ್ದೆಲ್ಲ ದಾವಣಗೆರೆ ಪಾಲಾಯಿತು ಎಂದು ಗೋಳಾಡಿದ್ದಾನೆ. ದಾವಣಗೆರೆಯವರನ್ನು ಕೇಳಿದರೆ ಅವರು ಹುಬ್ಬಳ್ಳಿಯತ್ತ ಬೆರಳು ತೋರಿಸುತ್ತಾರೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತವನಿಗೆ ಸಿಟ್ಟು ಬರುವುದು ತಪ್ಪಲ್ಲ. ಆದರೆ ಪಕ್ಕದ ಊರಿನ ಮೇಲೆ ಆ ಸಿಟ್ಟು ತೀರಿಸಿಕೊಳ್ಳುತ್ತಿದ್ದೀಯಲ್ಲ, ಅದಕ್ಕೇ ಈ ಕಾಗದ.

ನಿಮ್ಮ ಊರಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿದಾಗ ಮಲೆನಾಡಿನ ಕಾಡಿನ ಇದ್ದಿಲು, ಕೆಮ್ಮಣ್ಣುಗುಂಡಿಯ ಅದಿರು, ಭದ್ರೆಯ ನೀರು ಮೂರೂ ಕೈಗೆಟುಕುವಷ್ಟು ಹತ್ತಿರ ಇದ್ದವು. ಇದ್ದಿಲಿನ ಕಾಲ ಮುಗಿಯಿತು, ಹತ್ತಿರದ ಗಣಿ ನಿಂತಿತು, ಸ್ವಂತ ಅದಿರು ಇಲ್ಲದೆ ಹಳೆಯ ಯಂತ್ರಗಳಲ್ಲಿ ಮಾಡಿದ ಉಕ್ಕು ಸಂತೆಯ ದರಕ್ಕೆ ಏಗಲಿಲ್ಲ. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಹೋರಾಡಿದ ಮೇಲೆ ಅದೇ ವರ್ಷ ಉಕ್ಕಿನ ಸರಳು ಮಾಡುವ ಬಾರ್ ಮಿಲ್ ಮತ್ತೆ ತಿರುಗಿತು, ಅಷ್ಟೆ. 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆಯ ಪಾಡೂ ನಿನಗೆ ಗೊತ್ತೇ ಇದೆ. ಇದರಲ್ಲಿ ಯಾವುದನ್ನೂ ಶಿವಮೊಗ್ಗ ಎತ್ತಿಕೊಂಡು ಬಂದಿಲ್ಲ. ಇನ್ನು ದಾವಣಗೆರೆ ನೋಡು: ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು, ಅಲ್ಲಿನ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹರಿಹರದಲ್ಲಿ ಲೋಹ ಕಡೆಯುವ ಲೇಥ್ ಯಂತ್ರ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಇಲ್ಲವಾಯಿತು. ಮೂರು ಊರಿಗೂ ಪೆಟ್ಟು ಬಿದ್ದಿದೆ. ಪೆಟ್ಟು ತಿಂದವರೇ ಒಬ್ಬರನ್ನೊಬ್ಬರು ಕಳ್ಳರೆನ್ನುತ್ತಿದ್ದಾರೆ.

ದಾವಣಗೆರೆ ಚೇತರಿಸಿಕೊಂಡದ್ದು ಯಾರದ್ದೋ ಕೃಪೆಯಿಂದ ಎಂದು ತಿಳಿಯಬೇಡ. ಬೆಂಗಳೂರು–ಪುಣೆ ಹೆದ್ದಾರಿ, ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗ ಎರಡೂ ಅದರ ಹೊಟ್ಟೆಯ ಮೇಲೇ ಹಾದುಹೋಗುತ್ತವೆ. ನಾವಿರುವುದು ಬೀರೂರಿನಿಂದ ಕವಲೊಡೆದ ಲೈನಿನಲ್ಲಿ. ಸರಕು, ಅಂಗಡಿ, ಕಾಲೇಜು, ಆಸ್ಪತ್ರೆ ಎಲ್ಲವೂ ದಾರಿ ನೋಡಿಕೊಂಡು ಹೋಗುತ್ತವೆ. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು, ರನ್‌ವೇ 3.2 ಕಿಲೋಮೀಟರ್, ನಿಜ. ಆದರೆ ದಿನಕ್ಕೆ ಕೆಲವೇ ವಿಮಾನ ಇಳಿಯುವ ಕಡೆ ಸೆಕ್ಯುರಿಟಿ, ಲಗೇಜು, ಟ್ಯಾಕ್ಸಿ ಬಿಟ್ಟರೆ ಡಿಪ್ಲೊಮಾದವನಿಗೆ ಏನಿದೆ?

ಜಿಲ್ಲೆಯ ಗಡಿಯಿಂದ ಕೆಲಸ ಬದಲಾಗುತ್ತದೆ ಎಂಬ ಭ್ರಮೆಯನ್ನೂ ಬಿಡು. 1997ರಲ್ಲಿ ಚನ್ನಗಿರಿ, ಹೊನ್ನಾಳಿ ನಮ್ಮ ಜಿಲ್ಲೆಯಿಂದ ದಾವಣಗೆರೆಗೆ ಹೋದವು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಕುವೆಂಪು ವಿಶ್ವವಿದ್ಯಾಲಯದಿಂದ ಬೇರೆಯಾಯಿತು. ಕರೆಂಟಿಗೆ ನಮಗೆ ಮೆಸ್ಕಾಂ, ಅವರಿಗೆ ಬೆಸ್ಕಾಂ. ಆದರೂ ಹಾಲಿನ ಒಕ್ಕೂಟ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರಕ್ಕೂ ಸೇರಿದ್ದು. ಹೆಸರಿನಲ್ಲಿ ಹರಿಹರ ಇಟ್ಟುಕೊಂಡ ಪಾಲಿಫೈಬರ್ಸ್ ಇರುವುದು ನದಿಯಾಚೆ ಹಾವೇರಿ ಜಿಲ್ಲೆಯ ಕುಮಾರಪಟ್ಟಣದಲ್ಲಿ. ಹರಿಹರದವರು ಸೇತುವೆ ದಾಟಿ ಡ್ಯೂಟಿಗೆ ಹೋಗುತ್ತಾರೆ. ಗಡಿ ನಿಜಕ್ಕೂ ಲೆಕ್ಕಕ್ಕೆ ಬರುವುದು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗಿರುವ 371(ಜೆ) ಮೀಸಲಾತಿಯಲ್ಲಿ. ಹರಪನಹಳ್ಳಿ ತಾಲ್ಲೂಕು ದಾವಣಗೆರೆಯಿಂದ ಬಳ್ಳಾರಿಗೆ, ಆಮೇಲೆ ವಿಜಯನಗರಕ್ಕೆ ಹೋದದ್ದರ ಹಿಂದಿನ ಮರ್ಮ ಅಲ್ಲಿದೆ. ನಮಗಾಗಲಿ, ಇವತ್ತಿನ ದಾವಣಗೆರೆ ಜಿಲ್ಲೆಗಾಗಲಿ ಅದು ಅನ್ವಯಿಸುವುದಿಲ್ಲ. ಹಾಗಾಗಿ ಕೆಲಸ ಹುಡುಕುವಾಗ ಭದ್ರಾವತಿ, ಶಿವಮೊಗ್ಗ, ದಾವಣಗೆರೆ, ಹರಿಹರ ಎಲ್ಲವೂ ಒಂದೇ ಊರು ಎಂದುಕೋ.

ಈಗ ಕೆಲಸದ ಮಾತಿಗೆ ಬರುತ್ತೇನೆ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ಇರುವುದೇ ಬಿ.ಎಚ್. ರಸ್ತೆಯಲ್ಲಿ, ನಿಮ್ಮೂರಿಗೂ ನಮ್ಮೂರಿಗೂ ನಡುವೆ. ನೀನು ಸ್ಟೇಟಸ್ಸಿನಲ್ಲಿ ಬೈಯುವ ಶಿವಮೊಗ್ಗದ ಫೌಂಡ್ರಿಗಳಿಗೆ (ಎರಕದ ಕಾರ್ಖಾನೆಗಳಿಗೆ) ಭದ್ರಾವತಿಯಿಂದ ಹುಡುಗರು ದಿನಾ ಬಸ್ಸಿನಲ್ಲಿ ಬರುತ್ತಾರೆ. ಅಲ್ಲಿ ಆಗುವುದು ಹೆಚ್ಚಾಗಿ ವಾಹನ, ಟ್ರ್ಯಾಕ್ಟರ್, ಪಂಪು, ವಾಲ್ವುಗಳ ಕಾಸ್ಟಿಂಗ್ (ಲೋಹದ ಎರಕ), ಜೊತೆಗೆ ಅವುಗಳ ಮಷೀನಿಂಗ್ (ಅಳತೆಗೆ ತಕ್ಕಂತೆ ಕಡೆಯುವುದು). ಈ ಎರಡರಲ್ಲಿ ಯಾವುದಕ್ಕೆ ಸೇರಬೇಕು ಎನ್ನುವುದನ್ನು ಮೊದಲು ತೀರ್ಮಾನಿಸು.

ಫೌಂಡ್ರಿ ಎಂದರೆ ಬಿಸಿ, ದೂಳು, ಭಾರ. ಅದಕ್ಕೇ ಡಿಪ್ಲೊಮಾದವರು ಮೂಗು ಮುರಿಯುತ್ತಾರೆ, ಅದಕ್ಕೇ ಅಲ್ಲಿ ತಿಳಿದವನಿಗೆ ಬೇಗ ಬೆಲೆ ಬರುತ್ತದೆ. ಅಚ್ಚು ಮಾಡುವ ಮರಳಿನ ವಿಭಾಗವನ್ನೇ ತೆಗೆದುಕೋ. ಹಸಿ ಮರಳಿಗೆ ಬೆಂಟೊನೈಟ್ ಎಂಬ ಜೇಡಿ, ಕಲ್ಲಿದ್ದಲಿನ ಪುಡಿ ಬೆರೆಸಿ ತೇವ ಸುಮಾರು ಶೇಕಡಾ 3ರಿಂದ 4ರೊಳಗೆ ಹಿಡಿಯಬೇಕು. ತೇವ ಹೆಚ್ಚಾದರೆ ಕಾದ ಲೋಹ ತಗುಲಿದೊಡನೆ ಆವಿ ಎದ್ದು ಕಾಸ್ಟಿಂಗಿನ ಒಳಗೆ ಬ್ಲೋಹೋಲ್ (ಗಾಳಿ ತೂತು) ಆಗುತ್ತದೆ. ಕಡಿಮೆಯಾದರೆ ಅಚ್ಚಿನ ಅಂಚು ಉದುರಿ ಮರಳು ಲೋಹದೊಳಗೆ ಸೇರುತ್ತದೆ. ಮಳೆಗಾಲದಲ್ಲಿ ರಿಜೆಕ್ಷನ್ ಏರಿತೆಂದು ಎಲ್ಲರೂ ಫರ್ನೇಸಿನವನನ್ನು ಬೈಯುತ್ತಾರೆ. ಹೊಸ ಮರಳಿನ ರಾಶಿಗೆ ಸರಿಯಾಗಿ ತಾಡಪಾಲು ಹೊದಿಸಿರುವುದಿಲ್ಲ, ಅದನ್ನು ಯಾರೂ ನೋಡುವುದಿಲ್ಲ. ಎಸ್‌ಜಿ ಐರನ್ (ಒಳಗೆ ಗ್ರಾಫೈಟು ಗುಂಡಗಿರುವ ಕಬ್ಬಿಣ) ಎರಕವಾದರೆ ಇನ್ನೊಂದು ಪೇಚಿದೆ. ಕರಗಿದ ಕಬ್ಬಿಣಕ್ಕೆ ಮೆಗ್ನೀಷಿಯಂ ಮಿಶ್ರಲೋಹ ಹಾಕಿದ ಮೇಲೆ ಹತ್ತು ನಿಮಿಷದೊಳಗೆ ಲೇಡಲ್ (ಲೋಹ ಹೊಯ್ಯುವ ಪಾತ್ರೆ) ಖಾಲಿಯಾಗಬೇಕು. ತಡವಾದರೆ ಮೆಗ್ನೀಷಿಯಂ ಆರಿಹೋಗಿ, ಗ್ರಾಫೈಟು ಗುಂಡಗೆ ಕೂರದೆ ಎಳೆಯಾಗುತ್ತದೆ. ಹೊರಗಿನಿಂದ ನೋಡಲು ಕಾಸ್ಟಿಂಗ್ ಚೆನ್ನಾಗಿಯೇ ಇರುತ್ತದೆ, ಭಾರ ಬಿದ್ದಾಗ ಮುರಿಯುತ್ತದೆ. ಕೊನೆಯಲ್ಲಿ ಎರೆದ ಅಚ್ಚುಗಳಿಗೆ ಗುರುತು ಹಾಕಿ, ಅದರಲ್ಲೊಂದು ತುಂಡನ್ನು ಮೈಕ್ರೋಸ್ಕೋಪಿಗೆ ಕಳಿಸುವ ಹುಡುಗ ಯಾವ ಫೌಂಡ್ರಿಗಾದರೂ ಬೇಕಾದವನು. ದೂಳಿನ ವಿಷಯದಲ್ಲಿ ಮಾತ್ರ ಹುಂಬತನ ಬೇಡ. ಶೇಕ್‌ಔಟ್, ಫೆಟ್ಲಿಂಗ್ (ಅಚ್ಚು ಒಡೆದು ಎರಕ ತೆಗೆಯುವ, ಅದನ್ನು ಉಜ್ಜಿ ನಯಮಾಡುವ) ಕಡೆ ಹೋಗುವಾಗ ಸರಿಯಾದ ಮಾಸ್ಕು ಹಾಕು. ಕರ್ಚೀಫು ಕಟ್ಟಿಕೊಂಡರೆ ಸಿಲಿಕಾ ದೂಳು ನಿಲ್ಲುವುದಿಲ್ಲ.

ಮಷೀನಿಂಗ್ ಕಡೆ ಹೋದರೆ ಮೂರು ಮೆಟ್ಟಿಲು: ಆಪರೇಟರ್, ಮಷೀನು ಹೊಂದಿಸುವ ಸೆಟ್ಟರ್, ಪ್ರೋಗ್ರಾಮರ್. ಜಾಬ್ (ಕಡೆಯಬೇಕಾದ ತುಂಡು) ಹಾಕಿ, ಹಸಿರು ಬಟನ್ ಒತ್ತಿ, ಜಾಬ್ ತೆಗೆಯುವವನು ಎಷ್ಟು ವರ್ಷವಾದರೂ ಆಪರೇಟರೇ. ಸೆಟ್ಟರ್ ಆಗಬೇಕಾದರೆ ಆಫ್‌ಸೆಟ್ (ಟೂಲ್ ಎಷ್ಟು ಸರಿಯಬೇಕೆಂದು ಮಷೀನಿಗೆ ಕೊಡುವ ತಿದ್ದುಪಡಿ) ಕೈವಶವಾಗಬೇಕು. ಡ್ರಾಯಿಂಗಿನಲ್ಲಿ 30 ಎಚ್6 ಶಾಫ್ಟ್ ಇದೆ ಎಂದುಕೋ (ಎಚ್ ಸಣ್ಣ ಅಕ್ಷರದ್ದು): ಮೇಲಿನ ಮಿತಿ 30.000, ಕೆಳಗಿನದು 29.987 ಮಿಲಿಮೀಟರ್. ಇದನ್ನು 0.02 ಲೀಸ್ಟ್ ಕೌಂಟಿನ (ಅದಕ್ಕಿಂತ ಸಣ್ಣದನ್ನು ಓದಲಾಗದ) ವರ್ನಿಯರ್‌ನಲ್ಲಿ ಅಳೆಯಲು ಹೋಗುವವನನ್ನು ಇಂಟರ್‌ವ್ಯೂನಲ್ಲೇ ಕೈಬಿಡುತ್ತಾರೆ; ಅದಕ್ಕೆ ಮೈಕ್ರೋಮೀಟರೇ ಬೇಕು. ಅಳೆದಾಗ 30.04 ಬಂದರೆ, ವ್ಯಾಸದ ಲೆಕ್ಕದಲ್ಲಿ ಓಡುವ ಲೇಥಿನ ಎಕ್ಸ್ ವೇರ್ ಆಫ್‌ಸೆಟ್ಟಿಗೆ ಮೈನಸ್ 0.045ರಷ್ಟು ಸೇರಿಸಬೇಕು. ಹೊಸಬರು ಎಡವುವುದು ಇಲ್ಲೇ. ಕೆಲವರು ತ್ರಿಜ್ಯವೆಂದು ಅರ್ಧ ಮಾಡಿ ಹಾಕುತ್ತಾರೆ, ಕೆಲವರು ಮೈನಸ್ ಬದಲು ಪ್ಲಸ್ ಒತ್ತುತ್ತಾರೆ, ಇನ್ನು ಕೆಲವರು 0.045ರ ಬದಲು 0.45 ಹೊಡೆದು ಜಾಬನ್ನೂ ಕತ್ತರಿಸುವ ಇನ್ಸರ್ಟನ್ನೂ ಒಟ್ಟಿಗೆ ಕೆಡಿಸುತ್ತಾರೆ. ಮಷೀನಿನಿಂದ ಆಗತಾನೇ ತೆಗೆದ ಬಿಸಿ ಜಾಬನ್ನು ಅಳೆದರೂ ಅಳತೆ ದೊಡ್ಡದೇ ಬರುತ್ತದೆ. ಆರಿದ ಮೇಲೆ ಅಳೆ. ಸೆಟ್ಟಿಂಗ್ ಆದ ನಂತರದ ಮೊದಲ ಜಾಬನ್ನು ಪ್ರೋಗ್ರಾಮಿನ ಒಂದೊಂದೇ ಸಾಲು ನಡೆಸುವ ಸಿಂಗಲ್ ಬ್ಲಾಕ್‌ನಲ್ಲಿ, ರ್‍ಯಾಪಿಡ್ ವೇಗ ತಗ್ಗಿಸಿ ಓಡಿಸುವ ಅಭ್ಯಾಸ ಇದ್ದರೆ ಟೂಲ್ ಹಿಡಿದ ಟರೆಟ್ ಜಾಬ್ ಹಿಡಿದ ಚಕ್ಕಿಗೆ ಬಡಿಯುವ ಅನಾಹುತ ಬಹುಪಾಲು ತಪ್ಪುತ್ತದೆ.

ಸೇರುವ ದಾರಿ ಅಪ್ರೆಂಟಿಸ್, ಅಂದರೆ ಭತ್ಯೆಯ ಮೇಲಿನ ತರಬೇತಿ. ಮೂವತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂದು ಕಾಯಿದೆಯಿದೆ. ಡಿಪ್ಲೊಮಾದವರು ಕೇಂದ್ರ ಸರ್ಕಾರದ ಅಪ್ರೆಂಟಿಸ್ ತರಬೇತಿಯ ನ್ಯಾಟ್ಸ್ ಪೋರ್ಟಲಿನಲ್ಲಿ ನೋಂದಾಯಿಸಬೇಕು, ಅವಧಿ ಒಂದು ವರ್ಷ. 2019ರ ನಿಯಮದಲ್ಲಿ ಡಿಪ್ಲೊಮಾದವರಿಗೆ ತಿಂಗಳಿಗೆ ಕನಿಷ್ಠ 8,000 ರೂಪಾಯಿ ಎಂದಿತ್ತು. ಹೊಸ ದರವೇನಾದರೂ ಬಂದಿದೆಯೇ ಎಂದು ಪೋರ್ಟಲಿನಲ್ಲೇ ನೋಡಿಕೋ. ಎಚ್ಚರ ಬೇಕಾದದ್ದು ಒಂದಕ್ಕೆ. ಪೋರ್ಟಲಿನಲ್ಲಿ ಒಪ್ಪಂದ ಆಗದೆ ಬರೀ ಬಾಯಿಮಾತಿಗೆ ‘ಟ್ರೈನಿ’ ಎಂದು ಸೇರಿಸಿಕೊಂಡರೆ ವರ್ಷ ಕಳೆದ ಮೇಲೆ ಸರ್ಟಿಫಿಕೇಟ್ ಸಿಗುವುದಿಲ್ಲ. ಅಷ್ಟೇ ಅಲ್ಲ, ಒಂದು ವರ್ಷದ ಅನುಭವ ಇರುವವನೆಂದು ಮುಂದೆ ಅಪ್ರೆಂಟಿಸ್‌ಗೂ ಅನರ್ಹನಾಗುತ್ತೀಯ. ಗುತ್ತಿಗೆದಾರನ ಮೂಲಕ ಕೆಲಸವಾದರೆ ಮೊದಲ ತಿಂಗಳೇ ಯುಎಎನ್ (ಪಿಎಫ್ ಖಾತೆಯ) ನಂಬರ್ ಕೇಳು, ಮೂರನೇ ತಿಂಗಳು ಪಿಎಫ್ ಪಾಸ್‌ಬುಕ್ ತೆರೆದು ನಿನ್ನದು, ಮಾಲೀಕನದು ಇಬ್ಬರ ಪಾಲೂ ಬಿದ್ದಿದೆಯೇ ನೋಡು. ಸಂಬಳ 21,000ದೊಳಗಿದ್ದರೆ ಆರೋಗ್ಯ ವಿಮೆಯಾದ ಇಎಸ್‌ಐ ಕೂಡ ಇರಬೇಕು. ನಿನ್ನ ಪಾಲು ಶೇಕಡಾ 0.75 ಮಾತ್ರ. ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಕೊಡಬೇಡ. ಕೆಲಸ ಕೊಡಿಸುತ್ತೇನೆಂದು ದುಡ್ಡು ಕೇಳಿದವನ ಹತ್ತಿರ ಎರಡನೇ ಮಾತೇ ಬೇಡ.

ಅಲ್ಲಿಯವರೆಗೆ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಇದೆ. 2024ರ ಜನವರಿ 12ರಂದು ನಮ್ಮ ಶಿವಮೊಗ್ಗದಲ್ಲೇ ಅದಕ್ಕೆ ಚಾಲನೆ ಕೊಟ್ಟದ್ದು. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಡಿಪ್ಲೊಮಾದವರಿಗೆ ತಿಂಗಳಿಗೆ 1,500, ಪದವೀಧರರಿಗೆ 3,000, ಹೆಚ್ಚೆಂದರೆ ಎರಡು ವರ್ಷ. ಸೇವಾ ಸಿಂಧು ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು, ಕೆಲಸವಿಲ್ಲವೆಂಬ ಸ್ವಯಂ ಘೋಷಣೆಯನ್ನು ಆಗಾಗ ಕೊಡುತ್ತಿರಬೇಕು. ಅದನ್ನು ಮರೆತು ದುಡ್ಡು ನಿಂತಿತೆಂದು ದೂರುವವರೇ ಹೆಚ್ಚು. ಕೆಲಸ ಸಿಕ್ಕ ತಿಂಗಳೇ ತಿಳಿಸಿಬಿಡು, ಇಲ್ಲದಿದ್ದರೆ ಸುಳ್ಳು ಘೋಷಣೆ ಮೈಮೇಲೆ ಬರುತ್ತದೆ.

ಸರ್ಕಾರಿ ಪರೀಕ್ಷೆ ಬರೆಯಬೇಡ ಎನ್ನುವುದಿಲ್ಲ. ಆದರೆ 2024ರಲ್ಲಿ 1,000 ಗ್ರಾಮ ಆಡಳಿತಾಧಿಕಾರಿ ಹುದ್ದೆಗೆ ಲಕ್ಷಗಟ್ಟಲೆ ಅರ್ಜಿ ಬಂದದ್ದು ನೆನಪಿರಲಿ. ಧಾರವಾಡದಲ್ಲಿ ರೂಮು ಮಾಡಿ ಓದುತ್ತೇನೆ ಎಂಬ ಯೋಚನೆ ನನಗೆ ಒಪ್ಪಿಗೆಯಿಲ್ಲ. ಶಿಫ್ಟ್ ಕೆಲಸ ಮಾಡುತ್ತಲೇ ತಾಂತ್ರಿಕ ಹುದ್ದೆಗಳಿಗೆ, ರೈಲ್ವೆಗೆ, ವಿದ್ಯುತ್ ಕಂಪನಿಗಳಿಗೆ ಬರಿ.

ಸ್ವಂತ ವರ್ಕ್‌ಶಾಪ್ ಮಾಡುತ್ತೇನೆ, ಸಾಲಕ್ಕೆ ಸಬ್ಸಿಡಿ ಇದೆಯಲ್ಲ ಎಂದು ನೀನು ಕೇಳಿದ್ದೀಯ. ಕೇಂದ್ರದ ಸ್ವಉದ್ಯೋಗ ಸಾಲ ಯೋಜನೆಯಾದ ಪಿಎಂಇಜಿಪಿಯಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷದವರೆಗೆ ಯೋಜನಾ ವೆಚ್ಚ. ಸಾಮಾನ್ಯ ವರ್ಗಕ್ಕೆ ನಗರದಲ್ಲಿ ಶೇಕಡಾ 15, ಹಳ್ಳಿಯಲ್ಲಿ 25 ಸಬ್ಸಿಡಿ. ಹಿಂದುಳಿದವರು, ಮಹಿಳೆಯರು ಮೊದಲಾದವರಿಗೆ 25 ಮತ್ತು 35. ಆ ಸಬ್ಸಿಡಿ ನಿನ್ನ ಕೈಗೆ ಬರುವುದಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಕೂತಿರುತ್ತದೆ. ಹೊಸ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇಥಿಗೆ ಹದಿನೈದು ಲಕ್ಷದ ಮೇಲೆಯೇ ಹಿಡಿ. ಹುಡುಗರು ಮುಳುಗುವುದು ಮಷೀನಿನಿಂದಲ್ಲ, ಒಂದೇ ಗಿರಾಕಿಯನ್ನು ನಂಬಿ. ಜಾಬ್‌ವರ್ಕ್ ಬಿಲ್ಲು ಮೂರು ತಿಂಗಳು ಕಳೆದರೂ ಬಂದಿರುವುದಿಲ್ಲ, ಕಂತು ಮಾತ್ರ ತಿಂಗಳು ತಿಂಗಳು ಬಾಗಿಲಿಗೆ ಬರುತ್ತದೆ. ಸಣ್ಣ ಉದ್ದಿಮೆಯೆಂದು ಉದ್ಯಮ್ ನೋಂದಣಿ ಇದ್ದರೆ 45 ದಿನದೊಳಗೆ ಪಾವತಿಸಬೇಕೆಂಬ ಕಾನೂನು ನಿನ್ನ ಬೆನ್ನಿಗಿದೆ, ಆದರೆ ಇರುವ ಒಬ್ಬನೇ ಗಿರಾಕಿಯ ಮೇಲೆ ದೂರು ಕೊಡುವ ಧೈರ್ಯ ಯಾರಿಗಿದೆ? ಸೆಟ್ಟರ್ ಆಗಿ ನಾಲ್ಕೈದು ವರ್ಷ ಕಳೆದು, ಮೂರು ಗಿರಾಕಿಗಳ ಮಾತು ಕೈಯಲ್ಲಿದ್ದಾಗ ಆ ಯೋಚನೆ ಮಾಡು.

ಅಷ್ಟು ಬಂಡವಾಳ ಬೇಡದ್ದೊಂದಿದೆ, ಅಡಿಕೆ ಸುಲಿಯುವ ಯಂತ್ರದ ರಿಪೇರಿ. ಅಡಿಕೆಗೆ ದರ ಬಂದಾಗ ಡಿಪ್ಲೊಮಾದ ಹುಡುಗರೂ ಚೇಣಿ (ತೋಟದ ಫಸಲಿನ ಗುತ್ತಿಗೆ) ಹಿಡಿಯಲು ಓಡುತ್ತಾರೆ, ಅದು ಜೂಜು, ರಿಪೇರಿ ಹಾಗಲ್ಲ. ಕೊಯ್ಲಿನ ಕಾಲದಲ್ಲಿ ಯಂತ್ರ ಒಂದು ದಿನ ನಿಂತರೆ ಕೊಯ್ದ ಗೊನೆ ಬಿಸಿಯೇರಿ ಕೆಡಲು ಶುರು, ಬೆಳೆಗಾರ ದರ ಚೌಕಾಸಿ ಮಾಡುವುದಿಲ್ಲ. ದೂರು ಬರುವುದು ಬಹುತೇಕ ಬೆಲ್ಟು ಸಡಿಲ, ಬ್ಲೇಡು ಮೊಂಡು, ಬೇರಿಂಗಿಗೆ ಗ್ರೀಸಿಲ್ಲ, ಇಲ್ಲವೇ ಗಾತ್ರ ವಿಂಗಡಿಸದೆ ಸುರಿದು ಸಣ್ಣಕಾಯಿ ಸುಲಿಯದೆ ಉಳಿದು ದೊಡ್ಡದು ಕತ್ತರಿಸಿಹೋಗುತ್ತಿದೆ ಎಂದು. ಇಂಥ ಯಂತ್ರ ಹೆಚ್ಚು ಇರುವ ಕಡೆಗಳಲ್ಲೊಂದು ಚನ್ನಗಿರಿ, ಅಂದರೆ ನಿಮ್ಮ ಲೆಕ್ಕದಲ್ಲಿ ಶತ್ರು ಜಿಲ್ಲೆ. ನಿಮ್ಮೂರಿನಿಂದ ಬೈಕಿನಲ್ಲಿ ಹೋಗಿಬರುವಷ್ಟು ಹತ್ತಿರ.

ಬೆಂಗಳೂರು ಬೇಡವೇ ಎಂದು ಅಕ್ಕ ಕೇಳಿದಳಂತೆ. ಹೋಗಲಿ, ಸೆಟ್ಟರ್ ಆದ ಮೇಲೆ. ಬರೀ ಆಪರೇಟರ್ ಆಗಿ ಪೀಣ್ಯಕ್ಕೆ ಹೋದರೆ ಪಿಜಿ ಬಾಡಿಗೆ, ಊಟ, ಬಸ್ಸಿಗೆ ಕಳೆದು ಉಳಿಯುವುದು ಮನೆಯಿಂದ ಮಾಚೇನಹಳ್ಳಿಗೆ ಓಡಾಡಿ ಉಳಿಸುವುದಕ್ಕಿಂತ ಕಡಿಮೆಯೇ.

ಸೋಮವಾರ ಬೆಳಿಗ್ಗೆ ಇಲ್ಲಿಗೆ ಬಾ. ಆರೂ ಸೆಮಿಸ್ಟರಿನ ಅಂಕಪಟ್ಟಿಯ ಜೆರಾಕ್ಸ್ ಎರಡು ಸೆಟ್, ಆಧಾರ್ ಜೋಡಣೆಯಾದ ಬ್ಯಾಂಕ್ ಪಾಸ್‌ಬುಕ್, ನಾಲ್ಕು ಫೋಟೊ ತಾ. ನ್ಯಾಟ್ಸ್ ನೋಂದಣಿ ಅವತ್ತೇ ಮುಗಿಸಿ, ಮಧ್ಯಾಹ್ನ ಎರಡು ಕಾರ್ಖಾನೆಗೆ ಹೋಗೋಣ. ಕಬ್ಬಿಣದ ಟೋ ಇರುವ ಸೇಫ್ಟಿ ಶೂ ಇದ್ದರೆ ಹಾಕಿಕೊಂಡೇ ಬಾ, ಚಪ್ಪಲಿಯಲ್ಲಿ ಶಾಪ್ ಫ್ಲೋರಿಗೆ ಬಿಡುವುದಿಲ್ಲ. ರಾತ್ರಿ ಹತ್ತರ ಶಿಫ್ಟ್ ಬಿಟ್ಟ ಮೇಲೆ ನಿಮ್ಮ ಕಡೆಗೆ ಬಸ್ಸು ಎಷ್ಟು ಹೊತ್ತಿಗೆ ಇದೆ ಎಂದು ಸ್ಟ್ಯಾಂಡಿನಲ್ಲಿ ವಿಚಾರಿಸಿಕೊಂಡು ಬಾ, ಅದನ್ನು ಅವರು ಕೇಳಿಯೇ ಕೇಳುತ್ತಾರೆ.

ಅಕ್ಕ ಭಾವನಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಮಾವ