ಮಗಳಿಗೊಂದು ಪತ್ರ: ಬೂದಿ ಮುಚ್ಚಿದ ಕೆಂಡ

ಪುಟ್ಟಿ,

ನಿನ್ನೆ ಫೋನಿನಲ್ಲಿ ಅಳುತ್ತಿದ್ದೆಯಲ್ಲ, ಆಗ ನನಗೆ ಏನೂ ಸರಿಯಾಗಿ ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಟಿಬಿ ಟೆಸ್ಟ್‌ಗೆ ಚುಚ್ಚಿದ ಜಾಗ ಊದಿಕೊಂಡಿದೆ ಅಂದೆ. ಎಕ್ಸ್‌ರೇ ಚೆನ್ನಾಗಿದೆ, ಕೆಮ್ಮು ಜ್ವರ ಇಲ್ಲ. ಆ ಊತವೇ ಕಾಯಿಲೆ ಅಲ್ಲ ಕಣೇ. ನಿನ್ನ ಟಿ ಕೋಶಗಳು, ಅಂದರೆ ರೋಗಾಣುಗಳನ್ನು ಗುರುತಿಸುವ ಬಿಳಿ ರಕ್ತಕಣಗಳು, ಹಿಂದೆಂದೋ ಕಂಡದ್ದನ್ನು ಗುರುತು ಹಿಡಿದಿವೆ, ಅಷ್ಟೇ.

ಉಸಿರಿನ ಜೊತೆ ಒಳಹೋದ ಟಿಬಿ ಬ್ಯಾಕ್ಟೀರಿಯಾ ಶ್ವಾಸಕೋಶದ ಗಾಳಿಚೀಲಗಳನ್ನು ತಲುಪುತ್ತದೆ. ಅಲ್ಲಿ ಮ್ಯಾಕ್ರೋಫೇಜ್ ಅನ್ನುವ ಕೋಶಗಳಿರುತ್ತವೆ. ಕಂಡದ್ದನ್ನು ನುಂಗಿ ಅರಗಿಸುವುದೇ ಅವುಗಳ ಕೆಲಸ. ಇದನ್ನೂ ನುಂಗುತ್ತವೆ. ಅರಗಿಸುವುದು ಕಷ್ಟ. ಬ್ಯಾಕ್ಟೀರಿಯಾದ ಮೈಮೇಲೆ ಮೇಣದಂಥ ದಪ್ಪ ಹೊದಿಕೆ. ಸಾಲದ್ದಕ್ಕೆ, ಮ್ಯಾಕ್ರೋಫೇಜ್‌ನೊಳಗೆ ತಾನು ಸಿಕ್ಕಿಬಿದ್ದ ಪುಟ್ಟ ಚೀಲಕ್ಕೆ ಜೀರ್ಣರಸ ಬಂದು ಸೇರದಂತೆ ತಡೆಯುತ್ತದೆ. ನುಂಗಿದವರ ಹೊಟ್ಟೆಯಲ್ಲೇ ಸಂಸಾರ ಹೂಡುತ್ತದೆ! ಅವಸರವೂ ಇಲ್ಲ. ಒಂದು ಎರಡಾಗಲು ಸುಮಾರು 20 ಗಂಟೆ.

ನಮ್ಮ ಮೈಯೂ ನಿಧಾನವೇ. ಬ್ಯಾಕ್ಟೀರಿಯಾದ ತುಣುಕನ್ನು ಬೇರೆ ಕೋಶಗಳು ದುಗ್ಧಗ್ರಂಥಿಗೆ, ಅಂದರೆ ಇಂಥ ಕಾವಲು ಕೋಶಗಳು ಸೇರುವ ಪುಟ್ಟ ಗ್ರಂಥಿಗೆ, ಒಯ್ದು ಟಿ ಕೋಶಗಳಿಗೆ ತೋರಿಸಬೇಕು. ಅವು ಸಜ್ಜಾಗಿ ಬರುವಷ್ಟರಲ್ಲಿ ವಾರಗಳೇ ಕಳೆದಿರುತ್ತವೆ. ಬಂದಮೇಲೆ ಇಂಟರ್‌ಫೆರಾನ್ ಗಾಮಾ ಅನ್ನುವ ರಾಸಾಯನಿಕ ಬಿಡುತ್ತವೆ. ಅದು ತಾಗಿದರೆ ಮ್ಯಾಕ್ರೋಫೇಜ್‌ಗೆ ಅರಗಿಸುವ ಶಕ್ತಿ ಹೆಚ್ಚುತ್ತದೆ. ಆದರೂ ಕೆಲವು ಬ್ಯಾಕ್ಟೀರಿಯಾ ಸಾಯದೆ ಉಳಿಯುತ್ತವೆ. ಅವುಗಳ ಸುತ್ತ ಕೋಶಗಳು ಒತ್ತೊತ್ತಾಗಿ ಕೂತು ಗಂಟು ಕಟ್ಟುತ್ತವೆ. ಅದೇ ಗ್ರ್ಯಾನುಲೋಮಾ. ಬೂದಿ ಮುಚ್ಚಿದ ಕೆಂಡ ಅಂತಾರಲ್ವಾ, ಹಾಗೆ.

ಎಲ್ಲರೂ ಇದನ್ನು ಯುದ್ಧ ಅನ್ನುತ್ತಾರೆ. ನನಗೇಕೋ ಆ ಮಾತು ಹಿಡಿಸುವುದಿಲ್ಲ. ಟಿಬಿಯಲ್ಲಿ ಶ್ವಾಸಕೋಶ ಹಾಳಾಗುವುದಕ್ಕೆ ನಮ್ಮದೇ ಕೋಶಗಳ ಆರ್ಭಟವೂ ದೊಡ್ಡ ಕಾರಣ. ಇಲ್ಲಿ ಮೈ ಮಾಡುವುದು ಹೆಚ್ಚಾಗಿ ಕಾವಲು. ಸೋಂಕು ತಗುಲಿದ 100 ಜನರಲ್ಲಿ ಸುಮಾರು 5ರಿಂದ 10 ಜನರಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ಕಾಯಿಲೆ ಬರುತ್ತದೆ. ಎಚ್‌ಐವಿ, ಸಕ್ಕರೆ ಕಾಯಿಲೆ, ಅಪೌಷ್ಟಿಕತೆ ಇದ್ದರೆ ಕಾವಲು ಸಡಿಲವಾಗುತ್ತದೆ. ಸೋಂಕು ಹೀಗೆ ಒಳಗೇ ಮಲಗಿರುವಾಗ ಇನ್ನೊಬ್ಬರಿಗೆ ಹರಡುವುದಿಲ್ಲ. ಸುಮ್ನೆ ತಂಗಿಯನ್ನು ದೂರ ಇಡಬೇಡ.

ಇನ್ನೊಂದು ಮಾತು. ಚಿಕ್ಕಂದಿನಲ್ಲಿ ಟಿಬಿ ಬಾರದಿರಲೆಂದು ಹಾಕಿಸಿದ ಬಿಸಿಜಿ ಲಸಿಕೆಯಿಂದಲೂ ಹೀಗೆ ಊದಬಹುದು. ಅದಕ್ಕೇ ಡಾಕ್ಟರು ರಕ್ತ ಪರೀಕ್ಷೆ ಬರೆದಿರುವುದು. ಅದು ಬಿಸಿಜಿಗೆ ಮೋಸಹೋಗುವುದಿಲ್ಲ. ನಿನ್ನ ಟಿ ಕೋಶಗಳು ಇಂಟರ್‌ಫೆರಾನ್ ಗಾಮಾ ಬಿಡುತ್ತವೆಯೇ ಅಂತ ನೋಡುತ್ತದೆ. ಸೋಂಕು ಇದೆ ಅಂತಾದರೆ ಕೆಲವು ತಿಂಗಳು ಮಾತ್ರೆ ಕೊಡಬಹುದು. ಮಾತ್ರೆ ಮರೆಯುವುದರಲ್ಲಿ ನೀನು ನಿಮ್ಮಪ್ಪನ ಮಗಳೇ, ಹಾಗಾಗಿ ದಿನಾ ರಾತ್ರಿ ನಾನೇ ಫೋನ್ ಮಾಡುತ್ತೇನೆ.

ನಿನ್ನ
ಅಮ್ಮ