ಹೆಸರು ಅಳಿಸಿಹೋದ ವಸ್ತುಗಳಿಗೆ ಮತ್ತೆ ಹೆಸರು ಕೊಟ್ಟವರಿಗೆ

ಆತ್ಮೀಯರೇ,

ಹನ್ನೊಂದು ತಿಂಗಳಿನಿಂದ ಮುಚ್ಚಿದ್ದ ನಮ್ಮ ಸ್ಥಳೀಯ ಇತಿಹಾಸ ಸಂಗ್ರಹಾಲಯದ ಬಾಗಿಲು ಕಳೆದ ಮೇ 18ರಂದು ಮತ್ತೆ ತೆರೆಯಿತು. 1977ರಿಂದ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನವೆಂದು ಆಚರಿಸುತ್ತಿರುವ ಆ ದಿನದಂದೇ ತೆರೆಯಬೇಕೆಂದು ಹಟ ಹಿಡಿದವರು ನಾವಲ್ಲ, ಪ್ರತಿ ಭಾನುವಾರ ಬಂದು ನಮ್ಮೊಡನೆ ದುಡಿದ ನೀವು. ಅಂದು ವೇದಿಕೆಯ ಮೇಲಿಂದ ಎರಡು ಮಾತಿನಲ್ಲಿ ಧನ್ಯವಾದ ಹೇಳಿ ಮುಗಿಸಿದ್ದು ಈ ದಿನಗಳಲ್ಲೆಲ್ಲ ನನ್ನ ಮನಸ್ಸನ್ನು ಚುಚ್ಚುತ್ತಿದೆ. ಯಾರು ಏನು ಮಾಡಿದರು, ಅದರಿಂದ ನಿಜವಾಗಿ ಉಳಿದದ್ದೇನು ಎಂಬುದನ್ನು ಬಿಡಿಸಿ ಹೇಳದಿದ್ದರೆ ಕೃತಜ್ಞತೆ ಬರಿಯ ಉಪಚಾರವಾಗುತ್ತದೆ ಎಂದು ಈ ಬರಹ.

ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಇಡೀ ರಾತ್ರಿ ಸುರಿದ ಮಳೆಗೆ ಚಾವಣಿಯ ನೀರು ಹರಿದುಹೋಗುವ ಕೊಳವೆ ಕಟ್ಟಿಕೊಂಡು, ನೀರು ಗೋಡೆಯ ಬಿರುಕಿನಿಂದ ಒಳನುಗ್ಗಿತು. ಪ್ರದರ್ಶನದ ಕೋಣೆಗಳಿಗೆ ಹೆಚ್ಚಿನ ತೊಂದರೆಯಾಗಲಿಲ್ಲ. ಆದರೆ ಹಿಂಬದಿಯ ದಾಸ್ತಾನು ಕೋಣೆಯಲ್ಲಿ ಬೆಳಗಾಗುವ ಹೊತ್ತಿಗೆ ಕಣಕಾಲು ಮುಳುಗುವಷ್ಟು ನೀರು ನಿಂತಿತ್ತು. ಜಾಗವಿಲ್ಲವೆಂಬ ಕಾರಣಕ್ಕೆ ಪೆಟ್ಟಿಗೆಗಳನ್ನು ನೆಲದ ಮೇಲೆಯೇ ಇಟ್ಟಿದ್ದೆವು. ಅದು ನಮ್ಮ ತಪ್ಪು, ಅದನ್ನು ಮಳೆಯ ಮೇಲೆ ಹಾಕುವುದಿಲ್ಲ. ನೂರಕ್ಕೂ ಹೆಚ್ಚು ಮನೆಗಳವರು ನಂಬಿ ಕೊಟ್ಟಿದ್ದ ಪತ್ರಗಳು, ಛಾಯಾಚಿತ್ರಗಳು, ಅಂಗಡಿಯ ಲೆಕ್ಕದ ಪುಸ್ತಕಗಳು, ಮಡಿಸಿಟ್ಟ ಬಟ್ಟೆಗಳು ಮತ್ತು ಕಸುಬಿನ ಉಪಕರಣಗಳು ಆ ಪೆಟ್ಟಿಗೆಗಳಲ್ಲಿದ್ದವು.

ಒದ್ದೆಯಾದ ಕಾಗದಕ್ಕೆ ಬೂಷ್ಟು ಹಿಡಿಯಲು ಎರಡು ದಿನ ಸಾಕು. ಸಂರಕ್ಷಣೆಯ ಕೆಲಸ ಬಲ್ಲವರೆಲ್ಲ ಮೊದಲು ಹೇಳುವುದು ಈ 48 ಗಂಟೆಗಳ ಲೆಕ್ಕವನ್ನೇ. ಮೂವರು ಸಿಬ್ಬಂದಿಯ ನಮ್ಮಂಥ ಸಣ್ಣ ಸಂಸ್ಥೆಗೆ ಆ ಅವಧಿಯಲ್ಲಿ ಪೆಟ್ಟಿಗೆಗಳನ್ನು ಹೊರಗೆ ತರುವುದೂ ಆಗುತ್ತಿರಲಿಲ್ಲ. ಮುಂಜಾನೆ ಬಾಗಿಲ ಸಂದಿಯಿಂದ ನೀರು ಹೊರಬರುತ್ತಿರುವುದನ್ನು ಕಂಡು ನಮ್ಮನ್ನು ಎಬ್ಬಿಸಿದ ನೆರೆಮನೆಯ ತಾಯಿಗೆ ನನ್ನ ಮೊದಲ ನಮಸ್ಕಾರ. ಅವರು ನಮಗೆ ತಿಳಿಸಿ ಸುಮ್ಮನಾಗಲಿಲ್ಲ, ಬೀದಿಯುದ್ದಕ್ಕೂ ಮನೆಮನೆಯ ಬಾಗಿಲು ತಟ್ಟಿ ಜನರನ್ನು ಕರೆತಂದರು. ಒಂಬತ್ತು ಗಂಟೆಗೆ ಅಂಗಳದಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಇದ್ದರು. ಅವರಲ್ಲಿ ಅರ್ಧದಷ್ಟು ಜನ ಅದುವರೆಗೆ ಒಮ್ಮೆಯೂ ಸಂಗ್ರಹಾಲಯದ ಒಳಗೆ ಕಾಲಿಟ್ಟವರಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಆ ಎರಡು ದಿನ ನೀವು ತೋರಿದ ತಾಳ್ಮೆಯನ್ನು ನಾನು ವಿಶೇಷವಾಗಿ ನೆನೆಯಬೇಕು, ಏಕೆಂದರೆ ಇಂಥ ಹೊತ್ತಿನಲ್ಲಿ ಅವಸರದ ಸಹಾಯವೇ ಹೆಚ್ಚಿನ ಹಾನಿ ಮಾಡುವುದುಂಟು. ಒದ್ದೆ ಪುಸ್ತಕವನ್ನು ಬಿಡಿಸಿ ನೋಡಬೇಡಿ, ಕಾಗದವನ್ನು ಬಿಸಿಲಿಗೆ ಹಾಕಬೇಡಿ, ಬಟ್ಟೆಯನ್ನು ಒಂದು ಅಂಚು ಹಿಡಿದು ಎತ್ತಬೇಡಿ, ನೀರು ಕುಡಿದ ಬಟ್ಟೆ ತನ್ನ ಭಾರಕ್ಕೆ ತಾನೇ ಹರಿಯುತ್ತದೆ ಎಂದು ನಾವು ಹೇಳಿದ ಪ್ರತಿಯೊಂದು ಮಾತನ್ನೂ ನೀವು ಕೇಳಿದಿರಿ. ಒಂದಕ್ಕೊಂದು ಅಂಟಿಕೊಂಡಿದ್ದ ಛಾಯಾಚಿತ್ರಗಳನ್ನು ಎಳೆದು ಬಿಡಿಸಿದ್ದರೆ ಚಿತ್ರದ ಪದರವೇ ಕಿತ್ತುಬರುತ್ತಿತ್ತು. ಅವುಗಳನ್ನು ಶುದ್ಧ ತಣ್ಣೀರಿನ ತಟ್ಟೆಯಲ್ಲಿ ಮುಳುಗಿಸಿ, ತಾವಾಗಿಯೇ ಸಡಿಲಗೊಳ್ಳುವವರೆಗೆ ಕಾದು, ಚಿತ್ರದ ಮೈಗೆ ಬೆರಳು ತಾಗದಂತೆ ಅಂಚಿನಿಂದ ಎತ್ತಿ ಮುಖ ಮೇಲಾಗಿ ಒಣಗಲು ಇಡಬೇಕು. ಈ ಕೆಲಸವನ್ನು ಕಾಲೇಜು ವಿದ್ಯಾರ್ಥಿನಿಯರ ಒಂದು ಗುಂಪು ರಾತ್ರಿ ಎರಡು ಗಂಟೆಯವರೆಗೂ ಮಾಡಿತು. ಎರಡು ಚಿತ್ರಗಳು ನೀರಿನೊಳಗೆ ಮೆಲ್ಲನೆ ಬೇರೆಯಾಗಿ ಕೆಳಗಿನ ಚಿತ್ರದಲ್ಲಿ ಒಂದು ಮಗುವಿನ ಮುಖ ಕಂಡಾಗ ಇಡೀ ಕೋಣೆ ಮಾತು ನಿಲ್ಲಿಸಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆದರೂ ಎಲ್ಲವನ್ನೂ ಎರಡು ದಿನದಲ್ಲಿ ಒಣಗಿಸುವುದು ಅಸಾಧ್ಯವಾಗಿತ್ತು. ಆಗ ನೆರವಿಗೆ ಬಂದವರು ಒಂದು ಶೀತಲಗೃಹದ ಮಾಲೀಕರು. ತಮ್ಮ ವ್ಯಾಪಾರದ ಸರಕನ್ನು ಬೇರೆ ಕಡೆ ಸಾಗಿಸಿ, ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನ ಒಂದು ಇಡೀ ಕೋಣೆಯನ್ನು ನಮಗೆ ಬಿಟ್ಟುಕೊಟ್ಟರು. ಹೆಪ್ಪುಗಟ್ಟಿಸಿದರೆ ಪುಸ್ತಕ ಒಣಗುವುದಿಲ್ಲ, ಕೊಳೆಯುವುದು ಮಾತ್ರ ನಿಲ್ಲುತ್ತದೆ. ನಮಗೆ ಬೇಕಾಗಿದ್ದುದೂ ಅಂಥ ಬಿಡುವೇ. ಗಾಜಿನ ನೆಗೆಟಿವ್‌ಗಳನ್ನು ಹೆಪ್ಪುಗಟ್ಟಿಸಬಾರದು ಎಂಬ ಕಾರಣಕ್ಕೆ ಅವುಗಳನ್ನು ಮಾತ್ರ ಬೇರೆ ತೆಗೆದು, ಉಳಿದ ಲೆಕ್ಕದ ಪುಸ್ತಕಗಳನ್ನೂ ಪತ್ರದ ಕಟ್ಟುಗಳನ್ನೂ ಅಲ್ಲಿಟ್ಟೆವು. ಮುಂದಿನ ಏಳು ತಿಂಗಳು, ವಾರಕ್ಕೆ ಕೆಲವೇ ಕೆಲವನ್ನು ತಂದು, ಹಾಳೆಗಳ ನಡುವೆ ಹೀರುಕಾಗದವಿಟ್ಟು, ಅದು ನೆನೆದಾಗಲೆಲ್ಲ ಬದಲಿಸುತ್ತ ಒಣಗಿಸಿದೆವು. 1966ರ ನವೆಂಬರ್ 4ರಂದು ಆರ್ನೊ ನದಿ ಉಕ್ಕಿ ಇಟಲಿಯ ಫ್ಲಾರೆನ್ಸ್ ನಗರವನ್ನು ಮುಳುಗಿಸಿದಾಗ, ರಾಷ್ಟ್ರೀಯ ಗ್ರಂಥಾಲಯದ ಕೆಸರಿನಿಂದ ಪುಸ್ತಕಗಳನ್ನು ಸಾಲುಗಟ್ಟಿ ಕೈಯಿಂದ ಕೈಗೆ ದಾಟಿಸಿದ ತರುಣ ತರುಣಿಯರನ್ನು ಆ ದೇಶದವರು ಇಂದಿಗೂ ‘ಕೆಸರಿನ ದೇವದೂತರು’ ಎಂದು ಕರೆಯುತ್ತಾರೆ. ಆ ಪುಸ್ತಕಗಳಲ್ಲಿ ಹಲವನ್ನು ಒಣಗಿಸಿದ್ದು ತಂಬಾಕು ಒಣಗಿಸುವ ಗೂಡುಗಳಲ್ಲಿ. ತಮ್ಮ ಕಸುಬಿಗೆಂದು ಕಟ್ಟಿಕೊಂಡದ್ದನ್ನು ಪರರ ಕಾಗದಕ್ಕಾಗಿ ಬಿಟ್ಟುಕೊಟ್ಟವರು ಅಲ್ಲಿಯೂ ಇದ್ದರು, ಇಲ್ಲಿಯೂ ಇದ್ದಾರೆ. ಬಾಡಿಗೆಯ ಮಾತೆತ್ತಿದಾಗ ಆ ಮಾಲೀಕರು ನನ್ನೊಡನೆ ಒಂದು ವಾರ ಮಾತು ಬಿಟ್ಟಿದ್ದರು. ಆದ್ದರಿಂದ ಇಲ್ಲಿ ಅವರ ಹೆಸರು ಬರೆಯದೆ, ಕೈ ಮುಗಿಯುವುದಷ್ಟನ್ನೇ ಮಾಡುತ್ತೇನೆ.

ವಸ್ತುಗಳು ಉಳಿದವು ಎಂದು ನಿಟ್ಟುಸಿರು ಬಿಟ್ಟ ಮೇಲೆಯೇ ನಿಜವಾದ ನಷ್ಟ ನಮ್ಮ ಅರಿವಿಗೆ ಬಂದದ್ದು. ದಾರದಿಂದ ಕಟ್ಟಿದ್ದ ಚೀಟಿಗಳು ನೀರಿನಲ್ಲಿ ಕರಗಿಹೋಗಿದ್ದವು. ಯಾವ ವಸ್ತು ಯಾರ ಮನೆಯದು, ಯಾವ ವರ್ಷ ಬಂತು, ಯಾರು ಬಳಸಿದ್ದು ಎಂಬ ವಿವರಗಳಿದ್ದ ದಾಖಲೆ ಪುಸ್ತಕದಲ್ಲಿ ಶಾಯಿ ಹರಡಿ ಪುಟಕ್ಕೆ ಪುಟವೇ ನೀಲಿ ಮೋಡದಂತಾಗಿತ್ತು. ಅದಕ್ಕೆ ಪ್ರತಿ ಇರಲಿಲ್ಲ. ಸಂಗ್ರಹಾಲಯದಲ್ಲಿ ವಸ್ತುವಿಗಿಂತ ಅದರ ವಿವರವೇ ಹೆಚ್ಚು ಬೆಲೆ ಬಾಳುವುದು. ಹಳೆಯ ಪೆಟ್ಟಿಗೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ, ಆದರೆ ಇಂಥವರು ಇಂಥ ವರ್ಷ ಊರು ಬಿಟ್ಟು ದುಡಿಯಲು ಹೋದಾಗ ತೆಗೆದುಕೊಂಡು ಹೋದ ಪೆಟ್ಟಿಗೆ ಇರುವುದು ಒಂದೇ. ವಿವರ ಕಳೆದುಕೊಂಡ ನಮ್ಮ ಸಂಗ್ರಹ ಒಂದೇ ರಾತ್ರಿಯಲ್ಲಿ ಹಳೆಯ ಸಾಮಾನಿನ ಗುಡ್ಡೆಯಾಗಿತ್ತು.

ಆ ದಾಖಲೆ ಪುಸ್ತಕದಲ್ಲಿ ಅರವತ್ತು ಪುಟಗಳು ಮಾತ್ರ ಅಚ್ಚಳಿಯದೆ ಉಳಿದಿದ್ದವು. ಅವು ಪೆನ್ಸಿಲಿನಲ್ಲಿ ಬರೆದ ಪುಟಗಳು. ಪೆನ್ಸಿಲಿನ ಗ್ರಾಫೈಟ್ ನೀರಿಗೆ ಕರಗುವುದಿಲ್ಲ. ಮೊದಲ ವರ್ಷಗಳಲ್ಲಿ ಸಂಬಳವಿಲ್ಲದೆ ನಮ್ಮ ದಾಖಲೆ ಬರೆದ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಪೆನ್ಸಿಲ್ ಬಿಟ್ಟು ಬೇರೆಯದನ್ನು ಮುಟ್ಟುತ್ತಿರಲಿಲ್ಲ. ಅವರು ಈಗ ನಮ್ಮೊಂದಿಗಿಲ್ಲ. ಅವರ ಮಗಳು ಬಂದು, ಒಣಗಿ ಸುಕ್ಕುಗಟ್ಟಿದ ಆ ಪುಟಗಳನ್ನು ಒಂದೊಂದಾಗಿ ಓದಿ ಹೇಳಿದರು, ನಾವು ಬರೆದುಕೊಂಡೆವು. ಕೆಲವೆಡೆ ತಾಯಿಯ ಅಕ್ಷರದ ಮೇಲೆ ಅವರ ಬೆರಳು ನಿಂತುಬಿಡುತ್ತಿತ್ತು, ನಾವೂ ಕಾಯುತ್ತಿದ್ದೆವು. ತಾಯಿಗೂ ಮಗಳಿಗೂ ಈ ಸಂಸ್ಥೆ ಋಣಿಯಾಗಿದೆ.

ಉಳಿದ ವಸ್ತುಗಳಿಗಾಗಿ ಆರಂಭವಾದದ್ದೇ ಭಾನುವಾರದ ಮೇಜು. ಉದ್ದನೆಯ ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ಗುರುತಿಲ್ಲದ ಇಪ್ಪತ್ತು ಇಪ್ಪತ್ತೈದು ವಸ್ತುಗಳನ್ನು ಸಾಲಾಗಿ ಇಟ್ಟು, ‘ಇದು ಏನೆಂದು, ಯಾರದೆಂದು ಬಲ್ಲಿರಾ?’ ಎಂದು ಕೇಳುವುದಷ್ಟೇ ಅದರ ಕ್ರಮ. ಮೊದಲ ವಾರ ಬಂದವರು ಆರು ಜನ. ನಾಲ್ಕನೆಯ ವಾರ ಕುರ್ಚಿ ಸಾಲದೆ ಜನ ನಿಂತೇ ಇದ್ದರು.

ಒಂದು ಭಾನುವಾರದ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಮೇಜಿನ ಮೇಲೆ ಬಡಗಿಯ ಉಜ್ಜುಗೊರಡೊಂದಿತ್ತು. ಅಂಥವು ನಮ್ಮಲ್ಲಿ ಐದಿದ್ದವು, ಐದೂ ನೋಡಲು ಒಂದೇ. ಎಂಬತ್ತು ದಾಟಿದ ಬಡಗಿಯೊಬ್ಬರು ಅದನ್ನು ಕೈಗೆತ್ತಿಕೊಂಡು, ಹಿಂದಿನ ತುದಿಯನ್ನು ಅಂಗೈಯಲ್ಲಿ ಹಿಡಿದು, ಹುಬ್ಬು ಗಂಟಿಕ್ಕಿ ಕೆಳಗಿಟ್ಟರು. ಮತ್ತೆ ಎತ್ತಿ ಎಡಗೈಯಲ್ಲಿ ಹಿಡಿದರು. ಮರ ಅವರ ಕೈಯಲ್ಲಿ ಸರಿಯಾಗಿ ಕೂತಿತು. ಹೆಬ್ಬೆರಳು ಒತ್ತಿ ಒತ್ತಿ ಮರದಲ್ಲಾದ ನುಣುಪಾದ ತಗ್ಗು ಬಲಮಗ್ಗುಲಲ್ಲಿತ್ತು. ಬಲಗೈ ಬಳಸುವವರ ಗೊರಡಿನಲ್ಲಿ ಅದು ಎಡಮಗ್ಗುಲಲ್ಲಿರುತ್ತದೆ. ‘ಎಡಗೈಯಲ್ಲಿ ಕೆಲಸ ಮಾಡುತ್ತಿದ್ದವರು ನಮ್ಮ ಗುರುಗಳೊಬ್ಬರೇ, ಇದು ಅವರದು’ ಎಂದರು. ಆಮೇಲೆ ಒಂದು ಗಂಟೆಯ ಕಾಲ ಆ ಗುರುವಿನ ಬಗ್ಗೆ, ಅವರು ಕೂಡಿಸಿದ ಬಾಗಿಲುಗಳ ಬಗ್ಗೆ, ಕಲಿಯುವವರನ್ನು ಗದರುತ್ತಿದ್ದ ಬಗೆಯ ಬಗ್ಗೆ ಹೇಳಿದರು. ನಮ್ಮ ಹಳೆಯ ದಾಖಲೆಯಲ್ಲಿ ಆ ವಸ್ತುವಿನ ಎದುರು ‘ಮರದ ಉಪಕರಣ, ಒಂದು’ ಎಂದಷ್ಟೇ ಬರೆದಿತ್ತು ಎಂಬುದು ನನಗೆ ನೆನಪಿದೆ. ನೀರು ಒಯ್ದದ್ದಕ್ಕಿಂತ ಹೆಚ್ಚಿನದನ್ನು ಆ ಹಿರಿಯರು ಮರಳಿ ಕೊಟ್ಟರು. ಅವರ ಮಾತನ್ನು ಅವರ ಒಪ್ಪಿಗೆಯಿಂದ ಧ್ವನಿಮುದ್ರಿಸಿದ್ದೇವೆ. ಈಗ ಆ ಗೊರಡಿನ ಬಳಿ ನಿಂತವರು ಅದನ್ನು ಕೇಳಬಹುದು.

ಎಲ್ಲ ಭಾನುವಾರಗಳೂ ಇಷ್ಟು ಸುಲಭವಾಗಿರಲಿಲ್ಲ. ಒಂದೇ ಛಾಯಾಚಿತ್ರದಲ್ಲಿ ನಿಂತವರನ್ನು ಎರಡು ಮನೆಯವರು ಬೇರೆ ಬೇರೆ ಹೆಸರಿನಿಂದ ಗುರುತಿಸಿದರು, ಮಾತು ಬಿಸಿಯಾಯಿತು. ಇಬ್ಬರ ಹೇಳಿಕೆಯನ್ನೂ, ಹೇಳಿದವರು ಯಾರು ಎಂಬುದನ್ನೂ, ತಾರೀಖಿನೊಂದಿಗೆ ದಾಖಲಿಸುವುದೇ ಸರಿಯೆಂದು ನಿರ್ಧರಿಸಿದೆವು. ತಮ್ಮ ಮಾತೊಂದೇ ನಿಲ್ಲಬೇಕೆಂದು ಪಟ್ಟು ಹಿಡಿಯದೆ ಒಪ್ಪಿದ ಎರಡೂ ಮನೆಯವರ ದೊಡ್ಡ ಮನಸ್ಸಿಗೆ ವಂದನೆಗಳು. ಹಾಗೆಯೇ, ತಮ್ಮ ಅಜ್ಜಿಯ ಪತ್ರಗಳನ್ನು ಉಳಿಸಿ, ಆದರೆ ಪ್ರದರ್ಶಿಸಬೇಡಿ ಎಂದು ಕೇಳಿಕೊಂಡವರಿಗೂ, ಕೊಟ್ಟ ವಸ್ತುವನ್ನು ಮರಳಿ ಬಯಸಿ ನೇರವಾಗಿ ಕೇಳಿದವರಿಗೂ ನಾನು ಕೃತಜ್ಞ. ದಾನದ ಷರತ್ತುಗಳನ್ನು ಮಾತಿನಲ್ಲಿ ಬಿಡದೆ ಬರಹದಲ್ಲಿ ಸ್ಪಷ್ಟವಾಗಿಡಬೇಕೆಂಬ ಪಾಠವನ್ನು ನೀವು ನಮಗೆ ಕಲಿಸಿದಿರಿ.

ಈ ತಿಂಗಳುಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುತ್ತಿದ್ದುದು ರಿಯೊ ಡಿ ಜನೈರೊದ ರಾಷ್ಟ್ರೀಯ ವಸ್ತುಸಂಗ್ರಹಾಲಯ. 1818ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ ತನ್ನ 200ನೆಯ ವರ್ಷದಲ್ಲೇ, 2018ರ ಸೆಪ್ಟೆಂಬರ್ 2ರ ರಾತ್ರಿ, ಬೆಂಕಿಗೆ ಸಿಕ್ಕಿತು. ಸುಮಾರು ಎರಡು ಕೋಟಿ ವಸ್ತುಗಳಲ್ಲಿ ಬಹುಪಾಲು ಸುಟ್ಟುಹೋದವು. ಆಗ ಅಲ್ಲಿನ ವಸ್ತುಸಂಗ್ರಹಾಲಯ ವಿಜ್ಞಾನದ ವಿದ್ಯಾರ್ಥಿಗಳು, ಭೇಟಿಯ ವೇಳೆ ತೆಗೆದ ಫೋಟೊಗಳಿದ್ದರೆ ಕಳಿಸಿ ಎಂದು ಜನರನ್ನು ಬೇಡಿಕೊಂಡರು. ಅಷ್ಟು ದೊಡ್ಡ ದುರಂತದ ಪಕ್ಕದಲ್ಲಿ ನಮ್ಮದನ್ನು ಇಟ್ಟು ನೋಡಲು ಸಂಕೋಚವಾಗುತ್ತದೆ. ಆದರೂ ಅದೇ ಬೇಡಿಕೆಯನ್ನು ನಾವೂ ಮುಂದಿಟ್ಟೆವು. ಶಾಲಾ ಪ್ರವಾಸದಲ್ಲಿ ಬಂದು ನಮ್ಮ ಗಾಜಿನ ಕಪಾಟುಗಳ ಮುಂದೆ ಗೆಳೆಯರೊಡನೆ ಫೋಟೊ ತೆಗೆಸಿಕೊಂಡಿದ್ದವರು ಅವನ್ನು ಹುಡುಕಿ ಕಳಿಸಿದರು. ನಗುವ ಮಕ್ಕಳ ಭುಜದ ಹಿಂದೆ ಮಸುಕಾಗಿ ಕಾಣುವ ಚೀಟಿಗಳನ್ನು ಹಿಗ್ಗಿಸಿ ಓದಿ, ಅಳಿಸಿಹೋಗಿದ್ದ ಮೂವತ್ತೆಂಟು ವಿವರಗಳನ್ನು ಮರಳಿ ಪಡೆದೆವು. ಹಳೆಯ ಮೊಬೈಲುಗಳನ್ನು ಹುಡುಕಿ ತೆಗೆದು, ಚಾರ್ಜು ಮಾಡಿ ಫೋಟೊ ಕಳಿಸಿದ ಪ್ರತಿಯೊಬ್ಬರಿಗೂ ಧನ್ಯವಾದಗಳು.

ಹಣ ಕೊಟ್ಟವರು, ಕಪಾಟು ಮಾಡಿಕೊಟ್ಟವರು, ಚಾವಣಿ ದುರಸ್ತಿ ಮಾಡಿದವರು, ಪ್ರತಿ ವಾರ ನಮಗೆ ಊಟ ತಂದವರು ತಮ್ಮ ಹೆಸರನ್ನು ಬಾಗಿಲ ಬಳಿಯ ಫಲಕದಲ್ಲಿ ಕಾಣುವಿರಿ. ನಿಮ್ಮ ನೆರವು ಎಲ್ಲಿ ಹೋಯಿತು ಎಂಬುದನ್ನೂ ಹೇಳಬೇಕು. ಈಗ ಯಾವ ಪೆಟ್ಟಿಗೆಯೂ ನೆಲ ಮುಟ್ಟುವುದಿಲ್ಲ. ದಾಸ್ತಾನು ಕೋಣೆಯ ತೇವಾಂಶವನ್ನು ದಿನಕ್ಕೆರಡು ಬಾರಿ ಬರೆದಿಡುತ್ತೇವೆ, ಶೇಕಡಾ 65 ದಾಟಿದರೆ ಬೂಷ್ಟಿಗೆ ದಾರಿಯಾದಂತೆ. ಗಟ್ಟಿ ವಸ್ತುಗಳ ಮೇಲೆ ಅಂಕಿಯನ್ನು ನೇರವಾಗಿ ಬರೆಯದೆ, ಮುಂದೆ ಬೇಕಾದಾಗ ತೆಗೆಯಬಹುದಾದ ತೆಳು ಅಂಟಿನ ಪದರ ಹಚ್ಚಿ, ಅದರ ಮೇಲೆ ಬರೆದು, ಮೇಲೆ ಇನ್ನೊಂದು ಪದರ ಹಚ್ಚಿದ್ದೇವೆ. ದಾಖಲೆಯ ಮೂರು ಪ್ರತಿಗಳಿದ್ದು, ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿದೆ.

2022ರ ಆಗಸ್ಟಿನಲ್ಲಿ ಪ್ರಾಗ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಮಂಡಳಿ ಒಪ್ಪಿದ ಹೊಸ ವ್ಯಾಖ್ಯೆಯಲ್ಲಿ, ಸಂಗ್ರಹಾಲಯಗಳು ಸಮುದಾಯಗಳ ಪಾಲ್ಗೊಳ್ಳುವಿಕೆಯಿಂದ ನಡೆಯುತ್ತವೆ ಎಂಬ ಮಾತಿದೆ. ಅದನ್ನು ಅಂದೇ ಓದಿ, ಅಚ್ಚು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿದ್ದೆ. ಆಗ ನನಗೆ ಪಾಲ್ಗೊಳ್ಳುವಿಕೆ ಎಂದರೆ ಕಾರ್ಯಕ್ರಮಕ್ಕೆ ಜನ ಬರುವುದು ಎಂದಷ್ಟೇ ಅರ್ಥವಾಗಿತ್ತು.

ಉಳಿಸಲಾಗದವೂ ಇವೆ. ಕಬ್ಬಿಣದ ಪೆಟ್ಟಿಗೆಯ ತಳದಲ್ಲಿದ್ದ ಎರಡು ಪತ್ರದ ಕಟ್ಟುಗಳು ನಮ್ಮ ಕೈಗೆ ಸಿಗುವ ಮೊದಲೇ ಮುದ್ದೆಯಾಗಿದ್ದವು. ಅವು ಸೇರಿದ್ದ ಎರಡೂ ಮನೆಗಳಿಗೆ ನಾನೇ ಹೋಗಿ ತಿಳಿಸಿದೆ. ಒಂದು ಮನೆಯ ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಆ ಪತ್ರಗಳಲ್ಲಿ ತಮಗೆ ಬಾಯಿಪಾಠವಾಗಿದ್ದ ಒಂದನ್ನು ನಿಧಾನವಾಗಿ ಹೇಳುತ್ತ ಹೋದರು. ನನ್ನ ಬಳಿ ಬರೆದುಕೊಳ್ಳಲು ಏನೂ ಇರಲಿಲ್ಲ. ಅವರ ಮೊಮ್ಮಗಳು ತನ್ನ ಶಾಲೆಯ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಳು. ಆ ಹಾಳೆ ಈಗ ನಮ್ಮ ಸಂಗ್ರಹದಲ್ಲಿದೆ. ಅಜ್ಜ ಹೇಳಿದ್ದು, ಮೊಮ್ಮಗಳು ಬರೆದದ್ದು ಎಂದು ಅದರ ವಿವರದಲ್ಲಿ ನಮೂದಿಸಿದ್ದೇವೆ.

ಇನ್ನೂ ನಲವತ್ತಮೂರು ವಸ್ತುಗಳು ಹೆಸರಿಲ್ಲದೆ ಉಳಿದಿವೆ. ಅವನ್ನು ಒಳಗೆ ಮುಚ್ಚಿಡದೆ ಪ್ರವೇಶದ್ವಾರದ ಪಕ್ಕದ ಕಪಾಟಿನಲ್ಲೇ ಇಟ್ಟಿದ್ದೇವೆ. ಭಾನುವಾರದ ಮೇಜೂ ಎಂದಿನಂತೆ ಬೆಳಿಗ್ಗೆ ಹತ್ತಕ್ಕೆ ಸಿದ್ಧವಾಗಿರುತ್ತದೆ.

ನಿಮ್ಮೆಲ್ಲರಿಗೆ ಋಣಿಯಾಗಿರುವ,
ಸಂಗ್ರಹಾಲಯದ ಗೌರವ ಕಾರ್ಯದರ್ಶಿ