ಪಲ್ಪರ್ ನೀರನ್ನು ಗೋಬರ್ ಗ್ಯಾಸಿಗೆ ಬಿಡುವವರ ಗಮನಕ್ಕೆ

ಮೂಡಿಗೆರೆ, ಕೊಪ್ಪ ಕಡೆಯ ಸದಸ್ಯರೇ, ಅರೇಬಿಕಾ ಕಾಫಿಯ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ) ಶುರುವಾಗುವ ಮೊದಲು ಇದನ್ನೊಮ್ಮೆ ಓದಿಬಿಡಿ.

ಸಿಪ್ಪೆ ಬಿಡಿಸುವ ಯಂತ್ರದಿಂದ ಬರುವ ಈ ಪಲ್ಪರ್ ನೀರಿನಲ್ಲಿ ಸಕ್ಕರೆ ಅಂಶ ಹೆಚ್ಚು. ನಿಂತರೆ ಹುಳಿತು ಪಿಎಚ್ (ಹುಳಿಯ ಅಳತೆ; ಕಡಿಮೆಯಾದಷ್ಟೂ ಹುಳಿ ಹೆಚ್ಚು) 4ರ ಹತ್ತಿರ ಇಳಿಯುತ್ತದೆ. ಉರಿಯುವ ಗ್ಯಾಸಾದ ಮೀಥೇನ್ ಮಾಡುವ ಸೂಕ್ಷ್ಮಾಣುಗಳಿಗೆ ಬೇಕಾದದ್ದು 7ರ ಆಸುಪಾಸು. ಆದ್ದರಿಂದ ಬೇರೆ ತೊಟ್ಟಿಯಲ್ಲಿ ಸುಣ್ಣ ಕದಡಿ, ಪಿಎಚ್ ಪೇಪರಿನಲ್ಲಿ 7 ಕಂಡ ಮೇಲೆ ಒಳಗೆ ಬಿಡಿ. ಡೈಜೆಸ್ಟರಿಗೇ (ಗ್ಯಾಸ್ ತಯಾರಾಗುವ ಮುಚ್ಚಿದ ತೊಟ್ಟಿಗೆ) ಸುಣ್ಣ ಸುರಿಯಲೇಬೇಡಿ. ಅದು ಒಳಗಿನ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಒತ್ತಡ ಕುಸಿಯುತ್ತದೆ, ಸಂದುಗಳಿಂದ ಗಾಳಿ ನುಗ್ಗುತ್ತದೆ. ಗಾಳಿ ಬೆರೆತ ಗ್ಯಾಸಿಗೆ ಬೆಂಕಿ ತಗುಲಿದರೆ ಸಿಡಿಯುತ್ತದೆ.

ಮೊದಲ ವಾರ ಹತ್ತು ಬಕೆಟ್ ಸಗಣಿ ಬಗ್ಗಡಕ್ಕೆ ಒಂದು ಬಕೆಟ್ ಪಲ್ಪರ್ ನೀರು ಸಾಕು, ಆಮೇಲೆ ನಿಧಾನವಾಗಿ ಏರಿಸಿ. ಆಸೆಗೆ ಬಿದ್ದು ಒಮ್ಮೆಲೇ ತುಂಬಿದರೆ ಗ್ಯಾಸೇನೋ ಬರುತ್ತದೆ, ಒಲೆ ಹತ್ತುವುದಿಲ್ಲ: ಹೆಚ್ಚಿನ ಪಾಲು ಕಾರ್ಬನ್ ಡೈಆಕ್ಸೈಡೇ. ಆಗ ಪಲ್ಪರ್ ನೀರು ನಿಲ್ಲಿಸಿ ಸಗಣಿ ಮಾತ್ರ ಹಾಕುತ್ತಾ ಕಾಯಬೇಕು.

ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಈ ಗ್ಯಾಸಿನಲ್ಲಿ ಎಂಜಿನ್ ಓಡಿಸುವವರಿಗೆ ಇದೇ ಶತ್ರು. ಇದನ್ನು ತಡೆಯಲು ಲೇತ್ ಅಂಗಡಿಯ ಕಬ್ಬಿಣದ ಚೂರಿಗೆ ತುಕ್ಕು ಹಿಡಿಸಿ, ಡಬ್ಬಿಗೆ ತುಂಬಿ ಗ್ಯಾಸ್ ಪೈಪಿನ ನಡುವೆ ಕೂರಿಸಿ. ಕಪ್ಪಾದಾಗ ಬದಲಿಸಿ. ತೆಗೆದ ಚೂರು ಗಾಳಿ ತಾಗಿದರೆ ಬಿಸಿಯೇರುತ್ತದೆ, ಒಣ ಸಿಪ್ಪೆ ರಾಶಿಯ ಹತ್ತಿರ ಸುರಿಯಬೇಡಿ.

ಜನವರಿ ಚಳಿಯಲ್ಲಿ ಗ್ಯಾಸ್ ಕಡಿಮೆಯಾಗುವುದು ಸಹಜ.